ಗುಂಡ ಕಲಿತ ಸುಳ್ಳು

ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ

ನನ್ನ ಮುದ್ದು ಚುಕ್ಕೀ,

ನಿನ್ನ ಅತ್ತೆ ಬರೆಯುತ್ತಿದ್ದೇನೆ. ಹೌದು, ಅದೇ ಬಾಯಿಬಡುಕಿ ಅತ್ತೆ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯಲ್ಲ, ಅದಕ್ಕೇ ಈ ಕಾಗದ. ಉದ್ದುದ್ದ ಓದುವುದು ನಿನಗೆ ಬೇಜಾರು ಅಂತ ಗೊತ್ತು, ನಿನ್ನ ಅತ್ತಿಗೆ ಓದಿ ಹೇಳಲಿ. ತಾಯೀ, ದಯವಿಟ್ಟು ನಿಧಾನವಾಗಿ ಓದಿ. ಅವಳು "ಮತ್ತೆ" ಅಂದರೆ ಬೇಸರ ಮಾಡಿಕೊಳ್ಳದೆ ಮತ್ತೆ ಓದಿ. ನನ್ನ ಸಹಿಯ ಕೆಳಗಿರುವುದು ಮಾತ್ರ ನಿಮಗೊಬ್ಬರಿಗೇ, ಅದನ್ನು ಗಟ್ಟಿಯಾಗಿ ಓದಬೇಡಿ.

ಚುಕ್ಕೀ, ಮುಖ್ಯವಾದ ಮಾತು ಮೊದಲು. ಅವತ್ತು ಸರ್ಕಾರಿ ಕಚೇರಿಯ ಸಾಹೇಬರ ಮುಂದೆ ನಮ್ಮ ಗುಂಡ "ಇವಳು ನನ್ನ ಹೆಂಡ್ತಿ ಅಲ್ಲ" ಅಂದನಲ್ಲ, ಅದು ಸುಳ್ಳು. ಅದು ಅವನ ಸುಳ್ಳೂ ಅಲ್ಲ, ನನ್ನ ಸುಳ್ಳು. ನಾನು ಹೇಳಿಕೊಟ್ಟೆ, ಅವನು ಹೇಳಿದ. ನೀನು ಅವನ ಹೆಂಡತಿ. ಆವತ್ತೂ ಹೌದು, ಇವತ್ತೂ ಹೌದು. ತಾಯೀ, ಇಷ್ಟನ್ನು ಇನ್ನೊಂದು ಸಲ ಓದಿ.

ನಿಮ್ಮ ಮದುವೆ ನನಗೆ ಮರೆತಿದೆಯೇ? ಫಿನಾಯಿಲ್ ಕಾರ್ಖಾನೆಯ ಊಟದ ಕೋಣೆಯಲ್ಲಿ, ಶೀಸೆಗೆ ಲೇಬಲ್ ಅಂಟಿಸುವ ಗುಂಡ, ಮುಚ್ಚಳ ತಿರುಗಿಸುವ ನೀನು, ಇಬ್ಬರೂ ಬೆಂಚಿನ ಮೇಲೆ ಹತ್ತಿ ನಿಂತು, "ಇವತ್ತಿಂದ ನಾವು ಗಂಡ ಹೆಂಡ್ತಿ, ಎಲ್ರೂ ಬಿಸ್ಕತ್ತು ತಗೊಳ್ಳಿ" ಅಂದಿರಂತೆ. ಸಂಜೆ ಸುದ್ದಿ ಕೇಳಿ ನಾನೂ ನಿನ್ನಣ್ಣನೂ ಮುಖ ಮುಖ ನೋಡಿಕೊಂಡೆವು. ಸಂಸಾರ ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ, ಅಂತ ನಾನು ರೇಗಿದೆ. ನೀನು ತಡವರಿಸಲಿಲ್ಲ. "ಗೊತ್ತು ಅತ್ತೆ. ಜಗಳ ಆಡಿದ್ರೂ ಒಟ್ಟಿಗೆ ಊಟ ಮಾಡೋದು." ನಾನೂ ಸಂಸಾರ ಮಾಡಿದವಳೇ, ನನಗೆ ಆ ಬುದ್ಧಿ ಇರಲಿಲ್ಲ.

ಆಮೇಲೆ ಮಹಡಿಯ ಮೇಲಿನ ಆ ಪುಟ್ಟ ಮನೆ. ಸಾಮಾನು ಜೋಡಿಸಿ ನಾನು ಒಂದು ಮೂಲೆಯಲ್ಲಿ ನನ್ನ ಹಾಸಿಗೆಯನ್ನೂ ಬಿಚ್ಚಲು ಹೋದರೆ, "ಅತ್ತೆ ಬಂದು ಹೋಗ್ಲಿ, ಇರೋದು ಬೇಡ" ಅಂದೆಯಲ್ಲ! ಗುಂಡ ಬೇರೆ "ಹೌದಮ್ಮ, ಬೇಡ" ಅಂತ ಹಾಸಿಗೆ ಸುತ್ತಿ ನನ್ನ ಕೈಗೇ ಕೊಟ್ಟ. ಮೆಟ್ಟಿಲಿಳಿಯುವಾಗ ಗೊಣಗಿದ್ದೇ ಗೊಣಗಿದ್ದು. ಆದರೆ ಬಸ್ಸಿನಲ್ಲಿ ಕೂತ ಮೇಲೆ ನಗು ತಡೆಯಲಿಲ್ಲ. ನಾನು ಸತ್ತರೆ ಇವನ ಗತಿಯೇನು ಅಂತ ಅವನು ಹುಟ್ಟಿದಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಲ್ಲು ಅವತ್ತು ಇಳಿಯಿತು, ಪುಟ್ಟೀ.

ಇನ್ನು ಸರ್ಕಾರದ ಕಥೆ. ಇದು ನನ್ನ ತಲೆಯನ್ನೇ ತಿಂದಿದೆ, ಆದರೂ ಹೇಳುತ್ತೇನೆ. ನಿಮ್ಮ ಮನೆಗೆ ಬೆಳಿಗ್ಗೆ ಸಂಜೆ ಸಹಾಯದ ಅಕ್ಕ ಬರುತ್ತಿದ್ದಳಲ್ಲ, ಗ್ಯಾಸ್ ಹಚ್ಚುವುದಕ್ಕೆ, ನಿನ್ನ ಮಾತ್ರೆ ಕೊಡುವುದಕ್ಕೆ, ನಿನಗೆ ಫಿಟ್ಸ್ ಬಂದಾಗ ಮಗ್ಗುಲಿಗೆ ಹೊರಳಿಸಿ ಹಿಡಿದುಕೊಳ್ಳುವುದಕ್ಕೆ. ಅವಳ ಸಂಬಳ ಸರ್ಕಾರದ್ದು. ಬೆಳಗಿನದು ಗುಂಡನ ಪಾಲಿನ ಹಣ, ಸಂಜೆಯದು ನಿನ್ನ ಪಾಲಿನ ಹಣ. ಇಬ್ಬರು ಸ್ನೇಹಿತರು ಒಂದೇ ಮನೆಯಲ್ಲಿದ್ದರೆ ಎರಡೂ ಪಾಲು ಬರುತ್ತದೆ. ಗಂಡ ಹೆಂಡತಿ ಅಂದರೆ ಒಂದೇ ಪಾಲು. ಯಾಕೆ ಅಂದರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರಂತೆ! ಗುಂಡನಿಗೆ ಗಡಿಯಾರ ನೋಡಲು ಬರುವುದಿಲ್ಲ, ನಿನಗೆ ಬೆಂಕಿ ಕಂಡರೆ ಭಯ. ಯಾರು ಯಾರನ್ನು ನೋಡಿಕೊಳ್ಳಬೇಕೋ ಆ ನಿಯಮ ಬರೆದ ಪುಣ್ಯಾತ್ಮನೇ ಬಂದು ಹೇಳಲಿ. ಆ ಹಣ ಕೊಡುವ ಕಚೇರಿಯ ಗೋಡೆಯ ಮೇಲೇ "ನಿಮ್ಮ ಬದುಕು, ನಿಮ್ಮ ಆಯ್ಕೆ" ಅಂತ ಇಷ್ಟು ದೊಡ್ಡ ಪಟ ತಗುಲಿಸಿದ್ದಾರೆ.

ನಿನ್ನ ಫಿಟ್ಸ್ ಬರುವುದೆಲ್ಲ ಹೆಚ್ಚಾಗಿ ಸಂಜೆಗೇ. ಸಂಜೆಯ ಅಕ್ಕ ತಪ್ಪಿದರೆ ನಿನ್ನನ್ನು ಹಿಡಿದುಕೊಳ್ಳುವವರು ಯಾರು? ಅದಕ್ಕೇ ಗುಂಡನಿಗೆ, ಕಚೇರಿಯವರು ಕೇಳಿದರೆ ನೀನು ಅವನ ಹೆಂಡತಿ ಅಂತ ಹೇಳಬೇಡ ಅಂದಿದ್ದೆ. ಮೊದಲ ಸಲ ಕಚೇರಿಯಿಂದ ವಿಚಾರಿಸಲು ಮೇಡಂ ಒಬ್ಬರೇ ಬಂದರಲ್ಲ, ನೀನು ಸ್ನಾನಕ್ಕೆ ಹೋಗಿದ್ದೆ. ಅವರು ಮೆತ್ತಗೆ, "ಜೊತೆಗಿರೋರು ಯಾರಪ್ಪಾ?" ಅಂದರು. ನಮ್ಮ ಮಹಾರಾಯ ಎದೆಯುಬ್ಬಿಸಿ, "ನನ್ನ ಹೆಂಡ್ತಿ. ಅಮ್ಮ ಹೇಳ್ಬೇಡ ಅಂದಿದ್ದಾಳೆ" ಅಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆ ಮೇಡಂ ಒಳ್ಳೆಯ ಹೆಂಗಸು. ಪೆನ್ನು ಮುಚ್ಚಿ, ನಾನೇನೂ ಕೇಳಿಸಿಕೊಳ್ಳಲಿಲ್ಲ ಅಂದರು. ಆದರೆ ಮುಂದಿನ ಸಲ ದೊಡ್ಡ ಸಾಹೇಬರು ಬರುತ್ತಾರೆ, ಅವರ ಎದುರಿಗೆ ಹೇಳಿದ್ದನ್ನು ಬರೆದುಕೊಳ್ಳಲೇಬೇಕಾಗುತ್ತದೆ ಅಂತ ಎಚ್ಚರಿಸಿ ಹೋದರು.

ಅಲ್ಲಿಂದ ಶುರುವಾಯಿತು ನನ್ನ ಪಾಠ. ನೀನು ಮನೆಯಲ್ಲಿಲ್ಲದಾಗ ನಾನು ಸಾಹೇಬನಾಗಿ ಕುರ್ಚಿಯ ಮೇಲೆ ಕೂರುತ್ತಿದ್ದೆ, ಗುಂಡ ಎದುರಿಗೆ. ಇವಳು ಯಾರು? ಜೊತೆಗಿರೋಳು. ನಿನ್ನ ಹೆಂಡ್ತಿಯಾ? ಮೊದಮೊದಲು "ಹೌದು" ಅಂತ ನಕ್ಕುಬಿಡುತ್ತಿದ್ದ, ಮುದ್ದು ಮುಂಡೇದು. ಗದರಿದೆ. ಬೇಡಿಕೊಂಡೆ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ, "ಹೆಂಡ್ತಿ ಅಂದ್ಯೋ, ಚುಕ್ಕೀನ ಕರ್ಕೊಂಡು ಹೋಗ್ಬಿಡ್ತಾರೆ, ನೋಡ್ಕೋ" ಅಂತ ಹೆದರಿಸಿದೆ. ಅವತ್ತೇ ಕಲಿತ. ಹಲ್ಲುಜ್ಜುತ್ತಾ, ಬಸ್ಸಿಗೆ ಕಾಯುತ್ತಾ, "ಅಲ್ಲ, ಅಲ್ಲ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇವನೇನು ಮಣಮಣ ಅಂತಾನೆ ಅಂತ ನೀನು ನನ್ನನ್ನೇ ಕೇಳಿದ್ದೆ, ನಾನು ಹಾಡು ಅಂದಿದ್ದೆ.

ನಿನಗೆ ಯಾಕೆ ಹೇಳಲಿಲ್ಲ ಅಂತೀಯಾ? ಹೇಳಿದ್ದರೆ ನೀನು ಆ ಸಾಹೇಬರ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅವರು ಬರುವ ದಿನ ನಿನ್ನನ್ನು ಕೆಲಸಕ್ಕೆ ಕಳಿಸಿ ಗುಂಡನನ್ನು ಮಾತ್ರ ಮನೆಯಲ್ಲಿರಿಸಿಕೊಂಡೆ. ದೊಡ್ಡ ಬುದ್ಧಿವಂತೆ ನಾನು! ಕಾರ್ಖಾನೆಯಲ್ಲಿ ನೀರು ಬರಲಿಲ್ಲ, ಎಲ್ಲರನ್ನೂ ಬೇಗ ಬಿಟ್ಟರು, ನೀನು ಬಂದೆ. ಬಂದವಳು ಸುಮ್ಮನೆ ಕೂರಬಾರದೇ? ನೆಂಟರು ಬಂದಿದ್ದಾರೆ ಅಂತ ಸಂಭ್ರಮಪಟ್ಟು, ನಾನು ಕಾಸಿಟ್ಟಿದ್ದ ಚಹಾವನ್ನು ಲೋಟಗಳಿಗೆ ಬಗ್ಗಿಸಿಕೊಂಡು ತಂದೆ. ಸರಿಯಾಗಿ ಆಗಲೇ ಸಾಹೇಬರು ನಿನ್ನ ಕಡೆ ಕೈ ತೋರಿಸಿ ಕೇಳಿದರು, ಇವರು ನಿಮ್ಮ ಹೆಂಡತಿಯೇ ಅಂತ.

"ಅಲ್ಲ" ಅಂದ. "ಹೆಂಡ್ತಿ ಅಲ್ಲ. ಯಾರೂ ಅಲ್ಲ." ಆ ಕೊನೆಯದನ್ನು ನಾನು ಹೇಳಿಕೊಟ್ಟಿರಲಿಲ್ಲ, ಚುಕ್ಕೀ. ನಿನ್ನನ್ನು ಕರೆದುಕೊಂಡು ಹೋಗದಿರಲಿ ಅಂತ ಅವನೇ ಭದ್ರವಾಗಿ ಇನ್ನೊಂದು ಬೀಗ ಜಡಿದ. ಹೇಳಿ ಮುಗಿಸಿ, ಸರಿಯಾಯಿತಾ ಅನ್ನುವ ಹಾಗೆ ನನ್ನ ಮುಖ ನೋಡಿದ. ನಾನು ಪಾಪಿ, ಹೂಂ ಅಂತ ತಲೆಯಾಡಿಸಿದೆ. ನೀನು ಅದನ್ನೂ ನೋಡಿದೆ.

ಅವರು ಹೋಗುವವರೆಗೆ ನೀನು ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ನಾನು ಎಷ್ಟು ಹೇಳಿದೆ, ಅದು ಸುಮ್ಮನೆ ಅಂದದ್ದು ಕಣೇ, ಸುಳ್ಳು ಕಣೇ ಅಂತ. ಗುಂಡ ಸುಳ್ಳು ಹೇಳಲ್ಲ, ಅಂದೆ ನೀನು. ಅದೊಂದೇ ಮಾತು. ಅವನ ಬಾಯಿಂದ ಬಂದದ್ದೆಲ್ಲ ನಿಜ ಅಂತ ನಂಬಿದವಳು ಈ ಲೋಕದಲ್ಲಿ ನೀನೊಬ್ಬಳೇ ಇದ್ದೆ, ನಿನಗೇ ನಾನು ಹೀಗೆ ಮಾಡಿದೆ. ನೀನು ಬಟ್ಟೆ ಚೀಲಕ್ಕೆ ತುಂಬಿದೆ, ಅಣ್ಣನಿಗೆ ಫೋನ್ ಮಾಡು ಅಂದೆ. ಗುಂಡ ಬಾಗಿಲಿಗೆ ಅಡ್ಡ ನಿಂತ. "ಯಾರೂ ಅಲ್ಲದೋರು ಇನ್ನೊಬ್ರ ಮನೇಲಿ ಇರಬಾರ್ದು" ಅಂತ ಅವನನ್ನು ಸರಿಸಿ ಇಳಿದುಹೋದೆ.

ಈಗ ನಾನು ಮಾಡಿದ್ದನ್ನು ಕೇಳು. ಬುಧವಾರ ಆ ಕಚೇರಿಗೆ ಹೋದೆ. ಸಾಹೇಬರ ಮೇಜಿನ ಮುಂದೆ ನಿಂತು, ಅವರಿಬ್ಬರೂ ಗಂಡ ಹೆಂಡತಿ, ಸುಳ್ಳು ಹೇಳಿಸಿದವಳು ನಾನು, ಏನು ಮಾಡುತ್ತೀರೋ ಮಾಡಿ ಅಂದೆ. ಈ ನಿಯಮ ನನಗೂ ಸರಿಕಾಣಲ್ಲಮ್ಮ, ಆದ್ರೆ ನಾನು ಬರೆದದ್ದಲ್ಲ, ಅಂದರು. ನಿನ್ನ ಪಾಲಿನ ಹಣ ನಿಂತಿತು. ಸಂಜೆ ಇನ್ನು ಸಹಾಯದ ಅಕ್ಕ ಬರುವುದಿಲ್ಲ. ನಾನು ಬೈಂಡಿಂಗ್ ಅಂಗಡಿಯಲ್ಲಿ ಮಧ್ಯಾಹ್ನದ ಮೇಲಿನ ಕೆಲಸ ಬಿಟ್ಟಿದ್ದೇನೆ. ಸಂಜೆ ನಾನೇ ಬಂದು ಗ್ಯಾಸ್ ಹಚ್ಚುತ್ತೇನೆ, ಮಾತ್ರೆ ಕೊಡುತ್ತೇನೆ, ನೀವು ಮಲಗುವವರೆಗೆ ಇದ್ದು ಹೋಗುತ್ತೇನೆ. ಹೆದರಬೇಡ, ಹಾಸಿಗೆ ತರುವುದಿಲ್ಲ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಬೇಕಾದಾಗ ಕೂಗು.

ಗುಂಡ ದಿನಾ ನಿನ್ನನ್ನೇ ಕೇಳುತ್ತಾನೆ. ಊಟಕ್ಕೆ ಕೂತರೆ ಚುಕ್ಕಿ ಎಲ್ಲಿ, ಬಸ್ಸು ಹತ್ತಿದರೆ ಚುಕ್ಕಿ ಎಲ್ಲಿ. ನಿನ್ನ ಹೆಸರು ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದಾನೆ.

ಬಾ ಅಂತ ಒತ್ತಾಯ ಮಾಡುವುದಿಲ್ಲ. ನಿನ್ನ ಪರವಾಗಿ ನಾನು ಯೋಚನೆ ಮಾಡಿದ್ದು ಸಾಕು. ಬರುವುದು ಬಿಡುವುದು ನಿನ್ನಿಷ್ಟ, ಅಣ್ಣನದಲ್ಲ, ಅತ್ತಿಗೆಯದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಬರುವುದಿಲ್ಲ ಅಂದರೂ ನನಗೊಂದು ಫೋನ್ ಮಾಡಿ ಬೈದುಬಿಡು. ಬಾಯಿ ತುಂಬ ಬೈಯಿ, ನಾನು ಎದುರು ಮಾತಾಡುವುದಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡ, ನನ್ನ ಬಂಗಾರ.

ನಿನ್ನ ದನಿಗೆ ಕಾದಿರುವ,
ನಿನ್ನ ಬಾಯಿಬಡುಕಿ ಅತ್ತೆ

ತಾ.ಕ.: ತಾಯೀ, ಇದು ನಿಮಗೆ. ಗುಂಡ ದಿನಾ ಅವಳನ್ನು ಕೇಳುತ್ತಾನೆ ಅಂತ ಬರೆದೆನಲ್ಲ, ಅದು ಸುಳ್ಳು. ಸುಳ್ಳಿನಿಂದ ಇಷ್ಟೆಲ್ಲ ಆದ ಮೇಲೂ ನನ್ನ ಕೈ ಮತ್ತೆ ಸುಳ್ಳನ್ನೇ ಬರೆಯಿತು. ನಿಜ ಬರೆದರೆ ಅವಳು ತಪ್ಪು ತಿಳಿದಾಳು. ಅವಳು ಹೋದಾಗಿನಿಂದ ಅವನು ಅವಳ ಹೆಸರನ್ನೇ ಎತ್ತಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ "ನಿನ್ನ ಹೆಂಡ್ತಿ ಎಲ್ಲಪ್ಪಾ" ಅಂದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನಂತೆ. ಈಗ ಹೇಳಬಹುದು ಕಣೋ, ಗಟ್ಟಿಯಾಗಿ ಹೇಳು, ಅಂತ ನಾನೇ ಅಂದರೂ ನಂಬುವುದಿಲ್ಲ. ನಿನ್ನೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದೆ. ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನನ್ನ ಕಿವಿಗೆ ಬಾಯಿಟ್ಟು ಕೇಳಿದ: "ಅಮ್ಮಾ, ಎರಡನೇ ಸಲ ನಾನು ಸರಿಯಾಗೇ ಹೇಳಿದ್ನಲ್ಲ? ಮತ್ಯಾಕೆ ಕರ್ಕೊಂಡು ಹೋದ್ರು?"