ಅಲ್ಲಾಡದವರ ಚಿತ್ರ

ಫೆಬ್ರವರಿ 9, ಭಾನುವಾರ

ನನ್ನ ಗುಬ್ಬಿಮರಿಗೆ,

ಹೇಗಿದ್ದೀಯೇ? ಅಪ್ಪ ಇಷ್ಟು ದಿನವಾದರೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿದ್ದರೆ ಹಾಗೇ ಇರು, ಒಂದು ಫೋಟೊ ತೆಗೆಯುತ್ತೇನೆ. ಬರೆಯಲು ಕೂತಾಗಲೆಲ್ಲ ಪೆನ್ನು ಮುಷ್ಕರ ಹೂಡುತ್ತಿತ್ತು. ತಪ್ಪು ಪೆನ್ನಿನದು, ಬೈಗುಳ ನನಗಿರಲಿ.

"ಅಮ್ಮನದೊಂದು ಒಳ್ಳೇ ಫೋಟೊ ಕಳಿಸಪ್ಪ, ಗೋಡೆಗೆ ಹಾಕ್ತೀನಿ" ಅಂದಿದ್ದೆಯಲ್ಲ, ಮನೆಯೆಲ್ಲ ಜಾಲಾಡಿದೆ. ಬರೀ ಗಡಿಯಾರದ ಗೋಪುರ! ಬೆಳಿಗ್ಗೆ ಗುಲಾಬಿ, ಮಧ್ಯಾಹ್ನ ಬೂದಿ, ಸಂಜೆ ತಾಮ್ರ. ಪೆಟ್ಟಿಗೆ ತುಂಬ ಅದೇ. ನಿಮ್ಮಮ್ಮ ಎಲ್ಲೂ ಇಲ್ಲ. ಕೂರಿಸಿದರೆ ಸಾಕು, ಒಲೆ ಮೇಲೆ ಹಾಲಿದೆ ಅಂತ ಓಡುತ್ತಿದ್ದಳು.

"ಆ ಗೋಪುರ ನನ್ನ ಸವತಿ ಕಣ್ರೀ. ಕೆಲಸವಿಲ್ಲ, ಕಾರ್ಯವಿಲ್ಲ, ನಿಂತಲ್ಲೇ ನಿಂತಿರ್ತಾಳೆ."

"ಅವಳಿಗೂ ಕೆಲಸ ಇದೆ ಕಣೇ, ಗಂಟೆಗೊಂದ್ಸಲ ಹೊಡೀತಾಳೆ."

"ನಾನೂ ಹೊಡೀತೀನಿ, ಸೌಟು ತರ್ಲಾ?"

ಕೊನೆಗೊಂದು ಸಿಕ್ಕಿತು. ಅವಳ ಕೊನೆಯ ಸಂಜೆಯದು. ನಾನು ಎದುರು ಕಟ್ಟಡದ ತಾರಸಿಯಲ್ಲಿದ್ದೆ. ಮುಸ್ಸಂಜೆಯ ಬಣ್ಣ ಸಿಗಬೇಕಾದರೆ ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಡಬೇಕು. ಆಗ ಅಲ್ಲಾಡದೆ ಇರುವುದಷ್ಟೇ ಮೂಡುತ್ತದೆ. ತುಂಬಿ ತುಳುಕುವ ಬೀದಿಯೂ ನನ್ನ ಫೋಟೊಗಳಲ್ಲಿ ಖಾಲಿ ಕಾಣುವುದು ಅದಕ್ಕೇ. ಕೆಳಗಿನ ಮೂಲೆಯಲ್ಲಿ ನಮ್ಮ ಮನೆಯ ತಾರಸಿ. ನೀರಿನ ತೊಟ್ಟಿಗೆ ಒರಗಿ ಕೆಂಪು ಶಾಲು ಹೊದ್ದು ಅವಳು ಕೂತಿದ್ದಳು, ಜನ್ಮದಲ್ಲಿ ಮೊದಲ ಸಲ ಕಲ್ಲಿನ ಹಾಗೆ. "ಶಭಾಷ್! ಹಾಗೇ ಕೂತಿರು ಮಹರಾಯ್ತಿ!" ಅಂತ ಕೂಗಿ ಗುಂಡಿ ಒತ್ತಿದೆ. ಚಿತ್ರ ಮುಗಿಸಿ, ಸಾಮಾನು ಕಟ್ಟಿಕೊಂಡು ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿರಲಿಲ್ಲ.

ಮೊನ್ನೆ ಹೊಸ ಹೋಟೆಲಿನ ಮ್ಯಾನೇಜರು ಬಂದಿದ್ದ. ಬಾಗಿಲಿಗೆ ಎದುರಿನ ಗೋಡೆಗೆ ಅದೇ ಚಿತ್ರ ಬೇಕಂತೆ. "ಬಣ್ಣ ಅದ್ಭುತ ಅಂಕಲ್. ಮೂಲೇಲಿ ಒಂದು ಕೆಂಪು ಕಲೆ ಇದೆ, ಅಳಿಸಿಬಿಡಿ" ಅಂದ.

"ನನ್ನ ಕಲೆ ಅಂತ ಏನಾದ್ರೂ ಇದ್ರೆ ಅದೊಂದೇ ಕಣಪ್ಪ. ಬೇಕಾದ್ರೆ ಗೋಪುರ ಅಳಿಸಿಕೊಡ್ತೀನಿ" ಅಂದೆ. ಮುದುಕನಿಗೆ ಅರಳುಮರಳು ಅಂದುಕೊಂಡು ಎದ್ದುಹೋದ.

ಆ ಮೂಲೆಯನ್ನೇ ದೊಡ್ಡದು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಗೋಪುರವನ್ನು ಕತ್ತರಿಸಿ ಹಾಕಿದೆ. ನಿನ್ನ ಮನೆಯಲ್ಲಾದರೂ ಅವಳಿಗೆ ಸವತಿಯ ಕಾಟ ಬೇಡ.

ನೂರು ವರ್ಷ ಬಾಳು ಮಗಳೇ. ಓಡಿಕೊಂಡೇ ಬಾಳಬೇಡ, ಆಗಾಗ ಕೂತುಕೋ.

ಇಂತಿ ನಿನ್ನ
ತರಲೆ ಅಪ್ಪ

ತಾ.ಕ.: "ಪುಣ್ಯವಂತೆ, ಕೂತಲ್ಲೇ ಹೋದ್ಳು, ಯಾರನ್ನೂ ಕರೀಲಿಲ್ಲ" ಅಂತ ಬಂದವರೆಲ್ಲ ಹೇಳಿದರು. ನಾನೂ ನಂಬಿ ನಿನಗೆ ಅದನ್ನೇ ಹೇಳಿದೆ. ದೊಡ್ಡದು ಮಾಡಿದ ಮೇಲೆ ಕಂಡಿತು. ಮುಖವಿದೆ, ಎಡಗೈ ಮಡಿಲಲ್ಲಿದೆ. ಬಲಗೈ ಮಾತ್ರ ಮೊಣಕೈಯಿಂದಾಚೆ ಇಲ್ಲ; ಅಲ್ಲಿ ಬರೀ ಮಬ್ಬು. ಅಲ್ಲಾಡಿದ್ದು ಮೂಡುವುದಿಲ್ಲ, ಗುಬ್ಬಿ. ಆ ಅರ್ಧ ನಿಮಿಷವೂ ಅವಳು ನನ್ನತ್ತ ಕೈ ಬೀಸುತ್ತಲೇ ಇದ್ದಳು. ನಾನು ಗೋಪುರದ ತುದಿಯಲ್ಲಿ ಬಣ್ಣ ಆರುವುದನ್ನು ನೋಡುತ್ತಿದ್ದೆ.