ಹೊಕ್ಕಳ ಮೇಲೆ ಮೂರು ಬೆರಳು

ಹುನಗುಂದ
ರವಿವಾರ, ೧೭ ನವೆಂಬರ್ ೨೦೨೪

ಚಿ. ವಿದ್ಯಾ,

ನಿನ್ನ ಹೆಸರಿನ ಹಿಂದೆ ‘ಸೌ.’ ಎಂದು ಬರೆಯಲು ಹೋಗಿ ಪೆನ್ನು ತಡೆದೆ. ತಪ್ಪು ತಿಳಿಯಬೇಡ. ನಿಮ್ಮ ಅವ್ವ ರಾಮವ್ವ, ಅಪ್ಪ ಮಾಳಪ್ಪ ಹೇಗಿದ್ದಾರೆ? ನಿನ್ನ ತಲೆಯ ಹೊಲಿಗೆ ಪೂರಾ ಮಾಯಿತೇ? ಮಳೆ ಮುಗಿದು ಚಳಿ ಬಿತ್ತು, ನಾನು ಒಂದು ಸಾಲೂ ಬರೆಯಲಿಲ್ಲ. ಪುರಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬಾರದು. ನಿನ್ನ ಫೋನನ್ನು ಲಕ್ಷ್ಮಣ ಒಡೆದು ಹಾಕಿದ. ನನ್ನದನ್ನು ದಿನಾ ತೆಗೆದು ನೋಡುತ್ತಿದ್ದ, ಈಗ ಅದು ಅವನ ಹತ್ತಿರವೇ ಇದೆ. ಅದಕ್ಕೇ ಈ ಕಾಗದ. ನನ್ನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ತಬಸುಮ ನಾಳೆ ಬಾದಾಮಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕುಳಗೇರಿ ಕ್ರಾಸಿಗೆ ಬಂದು, ನಿಮ್ಮ ಅಪ್ಪನ ಟೈರಿನ ಅಂಗಡಿಯಲ್ಲಿ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ಮೊದಲು ಮುಖ್ಯ ಮಾತು. ಬರುವ ಗುರುವಾರ ಅವನು ಐದು ಮಂದಿ ಹಿರಿಯರೊಂದಿಗೆ ನಿನ್ನನ್ನು ಕರೆಯಲು ಬರುತ್ತಾನೆ. ಹೋಗಬೇಡ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನ ಬಗ್ಗೆ ಹೇಳುತ್ತಿದ್ದೇನೆ, ಹೋಗಬೇಡ. ಮುಂದಿನದನ್ನು ಸಾವಕಾಶ ಓದು.

ನೀನು ಹೋದ ಮೇಲೆ ನನಗೊಂದು ಜಡ್ಡು ಶುರುವಾಯಿತು. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಪದ್ಯ ಓದಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕೈ ಡೆಸ್ಕಿಗೆ ಬಡಿದು ಬಳೆ ಒಡೆಯಿತು. ಅಷ್ಟೇ. ನನ್ನ ಎದೆ ಒಳಗಿನಿಂದ ಯಾರೋ ಗುದ್ದಿದ ಹಾಗೆ ಹೊಡೆದುಕೊಳ್ಳತೊಡಗಿತು. ಬೆರಳು ಜುಮುಗುಟ್ಟಿ ಸೊಟ್ಟಗಾದವು, ಚಾಕ್‌ಪೀಸು ಬಿತ್ತು, ನಾನೂ ಬಿದ್ದೆ. ಸತ್ತೆ ಅಂದುಕೊಂಡೆ. ‘ಎದೆ ನಡುಗಿತು’ ಎಂಬ ಮಾತನ್ನು ಅಲಂಕಾರವೆಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ಹುಡುಗಿಯರು ನೀರು ಹೊಡೆದು ಎಬ್ಬಿಸಿದರು.

ನಮ್ಮ ಇಳಕಲ್ಲಿನ ಡಾಕ್ಟರ್ ವಿಜಯಮಹಾಂತೇಶರ ಹತ್ತಿರ ಲಕ್ಷ್ಮಣನೇ ಕರೆದೊಯ್ದ. ನನ್ನ ಪರ್ಸು ತಾನೇ ಹಿಡಿದುಕೊಂಡಿದ್ದ. ಇಸಿಜಿ ಆಯಿತು, ಬಾಗಲಕೋಟೆಗೆ ಹೋಗಿ ಎಕೋ ಮಾಡಿಸಿದ್ದಾಯಿತು. ಎಲ್ಲ ಸರಿ. ಡಾಕ್ಟರು ನಕ್ಕರು. “ಟೀಚರ್, ನಿಮ್ಮ ಹೃದಯ ಕಲ್ಲಿನಂಗ ಗಟ್ಟಿ ಐತ್ರಿ. ಇದು ಗಾಬರಿ. ಅಂಜಿಕಿ ಬಂದಾಗ ಮೈ ಓಡಾಕ ತಯಾರಾಗ್ತೈತಿ. ಎದಿ ಜೋರ ಬಡೀತೈತಿ, ಉಸಿರು ಹೆಚ್ಚಾಗಿ ಬೆರಳು ಜುಂ ಅಂತಾವ. ನೀವು ಓಡಲಿಲ್ಲಂದ್ರ ಆ ಓಟ ಎಲ್ಲಾ ಒಳಗ ಓಡತೈತ್ರಿ.” ಆಮೇಲೆ ದನಿ ಇಳಿಸಿ, “ಮನ್ಯಾಗ ಏನರ ತ್ರಾಸ ಐತ್ರೇನು?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಲಕ್ಷ್ಮಣ, “ಎಂಥಾ ತ್ರಾಸ್ರಿ ಸರ್? ರಾಣಿ ಇಟ್ಟಂಗ ಇಟ್ಟೀನ್ರಿ ನಮ್ಮವ್ವಗ” ಎಂದ. ನಾನು ತಲೆ ಆಡಿಸಿದೆ. ಡಾಕ್ಟರು ಚೀಟಿಯಲ್ಲಿ ಏನೋ ಬರೆದರು. ಆ ಚೀಟಿಯನ್ನು ಅವನು ಮಡಚಿ ತನ್ನ ಕಿಸೆಯಲ್ಲಿಟ್ಟುಕೊಂಡ.

ಗುಳಿಗೆ ನುಂಗಿದೆ. ಕಡಿಮೆಯಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು, “ಬಟ್ಟಿ ಸರದಿರಬೇಕು, ತಿಕ್ಕಿಸಿಕೋರಿ.” ನಮ್ಮ ಕಡೆ ಗೊತ್ತಲ್ಲ, ಹೊಕ್ಕಳಡಿ ಮಿಡಿಯುವ ಬಟ್ಟಿ ಜಾಗ ಬಿಟ್ಟರೆ ಕೈಕಾಲು ಸೋಲುತ್ತವೆ, ಜೀವ ಹಾರುತ್ತದೆ ಎನ್ನುತ್ತಾರೆ. ಎಂ.ಎ. ಮಾಡಿದವಳು ಇದಕ್ಕೆಲ್ಲ ಹೋಗಬೇಕೇ ಎಂದುಕೊಂಡೆ, ಆದರೂ ಹೋದೆ. ಬಟ್ಟಿ ಕೂರಿಸುವುದರಲ್ಲಿ ತಬಸುಮಳ ತಾಯಿ ಮಕ್ತುಮಬಿಯ ಹೆಸರು ಇಲ್ಲಿ ಹುನಗುಂದದಲ್ಲಿ ದೊಡ್ಡದು. ಮೊನ್ನೆ ಶುಕ್ರವಾರ ಕಾಲೇಜು ಬಿಟ್ಟ ಮೇಲೆ ಅವರ ಚಾಪೆಯ ಮೇಲೆ ಅಂಗಾತ ಮಲಗಿದೆ.

ಮುದುಕಿ ಎಣ್ಣೆ ಹಚ್ಚಿದ ಮೂರು ಬೆರಳನ್ನು ಹೊಕ್ಕಳ ಮೇಲೆ ಒತ್ತಿ, ಕಣ್ಣು ಮುಚ್ಚಿ ಕುಳಿತರು. “ಬಟ್ಟಿ ತನ್ನ ಜಾಗಾದಾಗ ಚಲೋ ಕುಂತೈತ್ರಿ ಟೀಚರಬಾಯಿ. ಸುಮ್ಮನ ನನ್ನ ಎಣ್ಣಿ ಖರ್ಚು ಮಾಡಸೀರಿ” ಎಂದರು. ನಾನೂ ನಕ್ಕೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮೂರು ಸಲ ಹಾರ್ನ್ ಆಯಿತು.

ಮುದುಕಿಯ ಕಣ್ಣು ಫಕ್ಕನೆ ತೆರೆದವು. “ಯಾರದು ಆ ಗಾಡಿ?”

“ನನ್ನ ಮಗಂದು. ಕರಕೊಂಡು ಹೋಗಾಕ ಬಂದಾನ.”

“ನಿಮ್ಮ ನಾಡಿ ನನ್ನ ಬೆರಳ ಎತ್ತಿ ಒಗೀತಲ್ರಿ! ಮಗನ ಗಾಡಿ ಸಪ್ಪಳಕ್ಕ ತಾಯಿ ಹೊಟ್ಟಿ ಹಿಂಗ ಜಿಗೀತೈತೇನು?” ಸೆರಗೆಳೆದು ನನ್ನ ಹೊಟ್ಟೆ ಮುಚ್ಚಿದರು. “ನಿಮ್ಮ ಸೊಸಿ ಬ್ಯಾಸಗಿ ಮುಗಿಯೂ ಟೈಮಿಗೆ ಬಂದಿದ್ಲು. ಆಕಿದು ಖರೇನ ಸರದಿತ್ತು. ಬೂಟಿನ ಗುರ್ತ ಇತ್ತವ್ವ, ಇಲ್ಲಿ. ಯಾರಿಗೂ ಹೇಳಬ್ಯಾಡ ಅಂತ ಕೈ ಮುಗದ್ಲು.”

ವಿದ್ಯಾ, ನೀನು ಒಬ್ಬಳೇ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದೆ. ಅವತ್ತು ಮನೆಗೆ ಬಂದು ನನಗೆ ಚಹಾ ಮಾಡಿಕೊಟ್ಟಿರಬೇಕು.

ಡಾಕ್ಟರು ಹೇಳಿದ ಓಟ ಯಾವುದೆಂದು ಆಗ ತಿಳಿಯಿತು. ಅವನಿಗೆ ನಾನು ಅಂಜುತ್ತಿದ್ದೆ. ನನ್ನ ಬುದ್ಧಿ ಒಪ್ಪದ್ದನ್ನು ಮೈ ಎಂದೋ ಒಪ್ಪಿಕೊಂಡು ಕೂಗುತ್ತಿತ್ತು. ಅವನ ಅಪ್ಪ ಬದುಕಿರುವ ತನಕ ಯಾರ ಮೇಲೂ ಕೈ ಎತ್ತಿದವರಲ್ಲ. ಇದು ಎಲ್ಲಿಂದ ಬಂತೆಂದು ನಾನು ಹುಡುಕಿದ್ದೇ ಹುಡುಕಿದ್ದು. ಹುಡುಕುವುದೂ ಸುಮ್ಮನಿರಲು ಒಂದು ನೆಪವಾಗಿತ್ತು.

ನಿನ್ನೆ ಮಧ್ಯಾಹ್ನ ಅವನು ಫ್ಯಾಕ್ಟರಿಯಿಂದ ಗ್ರಾನೈಟಿನ ಧೂಳು ಮೈಯಲ್ಲೇ ಇಟ್ಟುಕೊಂಡು ಬಂದ. “ಗುರುವಾರ ಕುಳಗೇರಿ ಕ್ರಾಸಿಗೆ ಹೋಗ್ತೇನಿ. ನೀನೂ ಬಾ. ನೀ ಕರದ್ರ ಆಕಿ ಬರ್ತಾಳ.”

“ನಾ ಬರೂದಿಲ್ಲ. ಆಕಿನೂ ಬರಬಾರದು. ಹಿರ್ಯಾರ ಮುಂದ ನಾ ಎಲ್ಲಾ ಹೇಳ್ತೇನಿ.”

ಅವನು ಹಿತ್ತಾಳೆಯ ಕೊಡ ಎತ್ತಿ ಒಗೆದ. ಅದು ನನ್ನ ಭುಜಕ್ಕೆ ತಾಗಿ ಕನ್ನಡಿಗೆ ಬಿತ್ತು. ಎರಡು ಹೆಜ್ಜೆಯಲ್ಲಿ ಬಂದು ಕುತ್ತಿಗೆಗೆ ಕೈ ಹಾಕಿ ಬಾಗಿಲಿಗೆ ಒತ್ತಿದ. ತಲೆ ಚಿಲಕಕ್ಕೆ ಬಡಿಯಿತು, ಒಂದಲ್ಲ, ಮೂರು ಸಲ. ಕಿವಿಯ ಹಿಂದೆ ಬಿಸಿಯಾಗಿ ಇಳಿಯಿತು. “ಹೇಳ್ತೀ? ಯಾರ ಮುಂದ ಹೇಳ್ತೀ? ನಿನಗ ತಲಿ ಕೆಟ್ಟೈತಿ ಅಂತ ಡಾಕ್ಟರ ಚೀಟಿ ಐತಿ ನನ್ನ ಕಡೆ. ಹುಚ್ಚಿ ಮಾತ ಯಾರ ಕೇಳ್ತಾರ?”

ಆಶ್ಚರ್ಯದ ಸಂಗತಿ ಹೇಳಲೇ? ಆ ಹೊತ್ತಿನಲ್ಲಿ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಬೆರಳು ಜುಂ ಅನ್ನಲಿಲ್ಲ. ನನ್ನ ಮೊಣಕಾಲಿನಿಂದ ಅವನ ಹೊಟ್ಟೆಗೆ ಒದ್ದೆ. ಹೆತ್ತ ಮಗನಿಗೆ. ಅವನು ಮಡಚಿಕೊಂಡು ಕೂತ, ನಾನು ಚಪ್ಪಲಿಯಿಲ್ಲದೆ ಬಸ್‌ ಸ್ಟ್ಯಾಂಡಿನ ತನಕ ಓಡಿದೆ. ಬಸ್ಸು ಹತ್ತಿ ಇಲ್ಲಿಗೆ ಬಂದು ಮಕ್ತುಮಬಿಯ ಚಾಪೆಯ ಮೇಲೆ ಕೂತ ಮೇಲೆ ನಡುಕ ಬಂತು. ಮೂರು ತಾಸು ಬಿಡಲಿಲ್ಲ. ಮುದುಕಿ, “ನಡಗ್ರಿ, ನಡಗ್ರಿ, ಯಾರೂ ಬ್ಯಾಡನ್ನೂದಿಲ್ಲ” ಎನ್ನುತ್ತ ಗಾಯಕ್ಕೆ ಅರಿಶಿನ ಒತ್ತಿದರು.

ಈಗ ಶ್ರಾವಣದ ಆ ಸೋಮವಾರದ ಮಾತು. ನೀನು ಹೊಲಿಗೆ ಕ್ಲಾಸಿನಲ್ಲಿದ್ದಾಗ ಅವನ ಫೋನು ಎತ್ತಲಿಲ್ಲ. ಅವನು ನಿನ್ನ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಪಡಸಾಲೆಯಿಂದ ಬಚ್ಚಲ ತನಕ ಎಳೆದ. ಗೋಡೆಗೆ ಹಾಕಿ ತಿಕ್ಕಿದಾಗ ನಿನ್ನ ಹಸಿರು ಬಳೆಗಳು ಒಂದೊಂದೇ ಒಡೆದವು. ಕಲ್ಲಿನ ಅಂಚಿಗೆ ನಿನ್ನ ಹಣೆ ಬಡಿದ. ನೀನು “ಅತ್ತೀ” ಎಂದೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ಸಂಜೆ ನಿಮ್ಮ ಅಪ್ಪನಿಗೆ ಫೋನಿನಲ್ಲಿ, “ಬಚ್ಚಲದಾಗ ಜಾರಿ ಬಿದ್ದಾಳ್ರಿ” ಎಂದವಳು ನಾನೇ. ಅದು ಸುಳ್ಳೆಂದು ಅವರಿಗೆ ಓದಿ ಹೇಳು.

ಗುರುವಾರ ನಾನೂ ಬರುತ್ತೇನೆ, ಆದರೆ ಅವನ ಗಾಡಿಯಲ್ಲಲ್ಲ. ನಿಮ್ಮ ಕಟ್ಟೆಯ ಮೇಲೆ ಹಿರಿಯರ ಎದುರು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ದನಿ ನಡುಗುತ್ತದೆ, ಬಾಯಿ ಒಣಗುತ್ತದೆ. ಹುಚ್ಚಿ ಎಂದರೆ ಅನ್ನಲಿ. ಪೊಲೀಸರಿಗೆ ದೂರು ಕೊಡುವುದು ನಿನಗೆ ಬಿಟ್ಟದ್ದು. ಕೊಟ್ಟರೆ ಕಣ್ಣಾರೆ ಕಂಡವಳೊಬ್ಬಳಿದ್ದಾಳೆ. ನನ್ನ ಕುತ್ತಿಗೆಯ ಮೇಲೂ ಅವನ ಬೆರಳು ಮೂಡಿವೆ.

ಹೊಟ್ಟೆ ತುಂಬ ಉಣ್ಣು. ಹೊಲಿಗೆ ಬಿಡಬೇಡ. ನಿನ್ನ ನಿದ್ದೆಯಲ್ಲಿ ಯಾವ ಗಾಡಿಯೂ ಬಂದು ನಿಲ್ಲದಿರಲಿ, ನಿಮ್ಮ ಮನೆದೇವರು ಬೀರಪ್ಪ ಅಷ್ಟು ಕಾಯಲಿ.

ನಿನ್ನ,
ರೋಹಿಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಊರಿಗೆ ಹೋದ ವಾರ ನಿಮ್ಮ ಅವ್ವ ನನಗೆ ಫೋನು ಮಾಡಿ, “ಮಿಕ್ಸರ್ ಸಪ್ಪಳದಾಗ ಆಕಿ ಕರದದ್ದು ನಿಮಗ ಕೇಳಿಸಿರಾಕಿಲ್ಲ ಬಿಡ್ರಿ ಬೀಗತಿ, ಅಂತ ವಿದ್ಯಾನೂ ಹೇಳ್ತಾಳ” ಎಂದರು. ಹೌದು ಎಂದೆ. ಆ ಮಾತಿನ ಆಸರೆಯಲ್ಲೇ ಮೂರು ತಿಂಗಳು ಬದುಕಿದೆ. ಇದನ್ನು ಓದಿದ ಮೇಲೂ ಗುರುವಾರ ನಾನು ನಿಮ್ಮ ಬಾಗಿಲಿಗೆ ಬರಬಹುದೋ ಇಲ್ಲವೋ, ತಬಸುಮಳ ಹತ್ತಿರ ಹೇಳಿ ಕಳಿಸು. ನೀನು ಮೊದಲ ಸಲ ಕರೆದಾಗ ಮಿಕ್ಸರ್ ನಡೆಯುತ್ತಿರಲಿಲ್ಲ. ನೀನು ಕರೆದ ಮೇಲೆ, ಪಕ್ಕದ ಮನೆಯವರಿಗೆ ಕೇಳಬಾರದೆಂದು, ನಾನು ಹೋಗಿ ಹಾಕಿದೆ. ಜಾರಿನಲ್ಲಿ ಏನೂ ಇರಲಿಲ್ಲ.