ಚೀಟಿ ಬಿಂದಿಗೆಯ ಪ್ರಶ್ನೆ

ವೀರನಹೊಸಹಳ್ಳಿ
ಭಾನುವಾರ

ತಮ್ಮ ನಟರಾಜುವಿಗೆ ಅಕ್ಕನ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಪಕ್ಕದ ಮನೆ ಹುಡುಗನ ಕೈಲಿ ಈ ಕಾಗದ. ಇವತ್ತು ನಾನು ನಡೆಸಿದ ಪಂಚಾಯಿತಿ ಅಭ್ಯರ್ಥಿಗಳ ಚರ್ಚೆಗೆ ನಮ್ಮ ಚೀಟಿ ಫಂಡಿನಲ್ಲಿ ಚೀಟಿ ಎತ್ತುವ ಬಿಂದಿಗೆಯನ್ನೇ ಇಟ್ಟಿದ್ದೆ. ಊರವರ ಪ್ರಶ್ನೆಗಳೆಲ್ಲ ಅದರೊಳಗೆ, ಕೈಗೆ ಸಿಕ್ಕಿದ್ದಕ್ಕೆ ಉತ್ತರ ಕೊಡಬೇಕು. ನಿನಗೆ ಅನುಕೂಲದ ಪ್ರಶ್ನೆಯನ್ನು ಮೇಲಿಡು ಎಂದು ನೀನು ಕೇಳಿದ್ದೆ, ನಾನು ಇಡಲಿಲ್ಲ. ಇಷ್ಟು ವರ್ಷ ಚೀಟಿ ನಡೆಸಿದ ಕೈ ಕಣೋ ಇದು, ತಮ್ಮನಿಗೂ ಬಗ್ಗುವುದಿಲ್ಲ.

ನಿನಗೆ ಸಿಕ್ಕಿದ್ದು ಕಾಡಂಚಿನ ಗಿರಿಜನ ಹಾಡಿಯ ಜವರಿಯ ಪ್ರಶ್ನೆ: "ನಲ್ಲಿ ಬಂದು ವರ್ಷಾತು, ನೀರ್ ಯಾವಾಗ ಬತ್ತದೆ?"

"ಗೊತ್ತಿಲ್ಲ ಕಣವ್ವ" ಅಂದೆ ನೀನು. ಸೋತೆ ಎಂದುಕೊಂಡು ವೇದಿಕೆ ಇಳಿದು ಹೊರಟೇಹೋದೆ.

ಆಮೇಲಿನದು ಕೇಳು! ನಿನ್ನ ಎದುರಾಳಿ ಬಿಂದಿಗೆಗೆ ಕೈ ಹಾಕದೆ, ಅದೇ ಪ್ರಶ್ನೆಗೆ ಲಕ್ಷ್ಮಣತೀರ್ಥ ನದಿಯನ್ನೇ ಹಾಡಿಗೆ ತಿರುಗಿಸುತ್ತೇನೆ ಎಂದ. ಜವರಿ ಎದ್ದು ನಿಂತಳು: "ನೀ ಕುಂತ್ಕಳಪ್ಪ ಸಾಕು. ಗೊತ್ತಿಲ್ಲ ಅಂದೋನ್ನ ಕಳ್ಸಿ, ನೀರ್ ಎಲ್ಲಿ ನಿಂತದೆ ಅಂತ ನಾವೇ ತೋರುಸ್ತೀವಿ." ಚಪ್ಪಾಳೆಗೆ ಶಾಮಿಯಾನ ಹಾರಿಹೋಗಬೇಕಿತ್ತು!

ನಾಳೆ ಬೆಳಿಗ್ಗೆ ಹಾಡಿಯವರೆಲ್ಲ ಟ್ಯಾಂಕಿನ ಹತ್ತಿರ ಕಾಯುತ್ತಾರೆ. ಹಾರ ಹಾಕುವವರನ್ನೂ ಜೈಕಾರದವರನ್ನೂ ಮನೆಯಲ್ಲೇ ಬಿಟ್ಟು ಬಾ. ಪೈಪಿನ ಸ್ಪ್ಯಾನರ್ ಮರೆಯಬೇಡ. ಉಣ್ಣದೆ ಹೋದೆಯಲ್ಲ, ತಿಂಡಿ ನಾನು ತರುತ್ತೇನೆ.

ಚರ್ಚೆಯಲ್ಲಿ ನಿನ್ನ ಪರ ವಹಿಸದ, ಓಟು ಮಾತ್ರ ನಿನಗೇ ಹಾಕುವ
ಅಕ್ಕ ಸುನಂದ